ದುಬೈ ವಿಮಾನ, ಬೆಟಗೇರಿ ಗಡಿಯಾರ

ಬೆಟಗೇರಿಯಲ್ಲಿ ಮಧ್ಯಾಹ್ನ ಆಗಬೇಕಾದರೆ ಸೂರ್ಯ ನೆತ್ತಿಗೆ ಬಂದರೆ ಸಾಲದು, ಕರೀಮಸಾಬರ ಗಡಿಯಾರಗಳು ಹೂಂ ಅನ್ನಬೇಕಾಗಿತ್ತು. ನೇಕಾರರ ಓಣಿಯ ತಿರುವಿನಲ್ಲಿ ಅವರ ಮನೆ, ಮನೆಯ ಮುಂದಿನ ಪಡಸಾಲೆಯೇ ಗಡಿಯಾರ ರಿಪೇರಿಯ ಅಂಗಡಿ. ಅಂಗಡಿಯ ಗೋಡೆಗೆ ಹನ್ನೆರಡು ಮೊಳೆ, ಹನ್ನೊಂದು ಗಡಿಯಾರ. ಎಲ್ಲವೂ ಗಂಟೆ ಹೊಡೆಯುವಂಥವು. ಗಂಟೆಗೆ ಗಂಟೆಯ ಲೆಕ್ಕದಷ್ಟು ಏಟು, ಅರ್ಧ ಗಂಟೆಗೆ ಒಂದೇ ಏಟು. ಹನ್ನೊಂದೂ ಒಂದೇ ಸಲ ಬಾಯಿ ತೆರೆಯುತ್ತಿದ್ದವು, ಒಂದೇ ಸಲ ಮುಚ್ಚುತ್ತಿದ್ದವು. ಹೊಸಬರು ಯಾರಾದರೂ ಹನ್ನೆರಡಕ್ಕೆ ಸರಿಯಾಗಿ ಆ ತಿರುವಿಗೆ ಬಂದರೆ ಬೆಚ್ಚಿ ಬೀಳುತ್ತಿದ್ದರು. ಹಳಬರು ಮಗ್ಗ ನಿಲ್ಲಿಸಿ ಊಟಕ್ಕೆ ಏಳುತ್ತಿದ್ದರು. ಹನ್ನೊಂದರಲ್ಲಿ ಒಂದು ಅರ್ಧ ನಿಮಿಷ ಹಿಂದೆ ಬಿದ್ದರೂ ಕರೀಮಸಾಬರಿಗೆ ಅಂದಿನ ಅನ್ನ ಸೇರುತ್ತಿರಲಿಲ್ಲ.

ಹನ್ನೆರಡನೆಯ ಮೊಳೆ ಯಾಕೆ ಖಾಲಿ ಎಂಬುದು ಆ ಮನೆಯಲ್ಲಿ ಎತ್ತಬಾರದ ಮಾತು. ಮೂರು ವರ್ಷದ ಹಿಂದೆ ಮುಳಗುಂದದ ಅಲ್ಲಾಉದ್ದೀನ ಎಂಬವರು ತಮ್ಮ ಮಗನಿಗೆ ಕರೀಮಸಾಬರ ಮಗಳು ಶಮಶಾದಬಿಯನ್ನು ನೋಡಲು ಬಂದಿದ್ದರು. ಹೇಗೂ ಬೀಗರಾಗುವವರು ಗಡಿಯಾರದವರು ಎಂದು ಮನೆಯ ಹಳೇ ಗಡಿಯಾರವನ್ನೂ ಎಣ್ಣೆ ಹಾಕಿಸಲು ತಂದಿದ್ದರು. ಅದು ಅವರಜ್ಜನಿಗೆ ಇಂಗ್ಲೆಂಡಿನಿಂದ ಬಂದದ್ದಂತೆ. ಕರೀಮಸಾಬರು ಅದಕ್ಕೆಂದೇ ಹೊಸ ಮೊಳೆ ಬಡಿದು ತೂಗುಹಾಕಿದರು. ಹುಡುಗಿ ಚಹಾ ತಂದಳು, ಹುಡುಗ ತಲೆಯಾಡಿಸಿದ, ದೊಡ್ಡವರು ಸಕ್ಕರೆ ಹಂಚುವ ಮಾತೆತ್ತಿದರು. ಅಷ್ಟರಲ್ಲಿ ಕರೀಮಸಾಬರು ಕೈ ತಡೆಯಲಾರದೆ ಗಡಿಯಾರ ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿಬಿಟ್ಟರು.

"ಇದರ ಹೊಟ್ಟಿಯೊಳಗ ಇಂಗ್ಲೆಂಡ ಇಲ್ಲರೀ. ಯಾವನೋ ನಾಕು ಗಡಿಯಾರದ ಸಾಮಾನು ಕೂಡಿಸಿ ನಿಮ್ಮಜ್ಜಗ ಟೊಪ್ಪಿಗಿ ಹಾಕ್ಯಾನ."

ಅಲ್ಲಾಉದ್ದೀನರು ಗಡಿಯಾರವನ್ನು ಕಂಕುಳಲ್ಲಿ ಇರುಕಿಕೊಂಡು, ಮಗನ ರಟ್ಟೆ ಹಿಡಿದು, ಬಂದ ಬಸ್ಸಿಗೇ ತಿರುಗಿ ಹೋದರು. ಕರೀಮಸಾಬರ ಹೆಂಡತಿ ಜನ್ನತಬಿ ತಲೆಗೆ ಕೈ ಹಚ್ಚಿಕೊಂಡು ಕೂತಳು.

"ಹೌದ್ರೀ, ಇಂಗ್ಲೆಂಡಿಂದಽ ಅಂತ ಅಂದಿದ್ರ ನಿಮ್ಮ ಗಂಟೇನು ಹೋಗತಿತ್ತು?"

"ಗಡಿಯಾರದ ವಿಷಯದಾಗ ಸುಳ್ಳು ಹೇಳಾಕ ನನ್ನ ನಾಲಗಿ ಹೊಳ್ಳೂದಿಲ್ಲ."

"ಹಂಗಾರ ಮಗಳ್ನ ಒಂದು ಗಡಿಯಾರಕ್ಕಽ ಕೊಟ್ಟುಬಿಡ್ರಿ! ಇನ್ನ ಮುಂದ ಬೀಗರ ಗಡಿಯಾರ ಮುಟ್ಟಿದ್ರ ನನ್ನ ಮ್ಯಾಲ ಆಣಿ ಐತಿ, ನೋಡ್ರಿ ಮತ್ತ."

ಹೀಗಿರುವಾಗ ದೇವರು ದೊಡ್ಡವನು, ಇನ್ನೊಂದು ಸಂಬಂಧ ಕೂಡಿಬಂತು. ಲಕ್ಷ್ಮೇಶ್ವರದ ಮೋತಿಬಿಯ ಒಬ್ಬನೇ ಮಗ ನಿಜಾಮುದ್ದೀನ. ದುಬೈಯಲ್ಲಿ ವೆಲ್ಡಿಂಗ್ ಕೆಲಸ. ಹುಡುಗ ಎಷ್ಟು ವಿನಯವಂತನೆಂದರೆ ದೊಡ್ಡವರು ಮಾತಾಡುವಾಗ ಸೀನು ಬಂದರೂ ಅದನ್ನು ನುಂಗುವಂಥವನು. ದುಬೈ ಮುಟ್ಟಿದ ವಾರದಲ್ಲೇ ಮಾವನಾಗುವವರಿಗೆ ಕಾಗದ ಬರೆದಿದ್ದ: ಬೊಂಬಾಯಿಯಲ್ಲಿ ಮುಂಜಾನೆ ಹತ್ತಕ್ಕೆ ವಿಮಾನ ಹೊರಟಿತು, ದುಬೈಯಲ್ಲಿ ಹನ್ನೊಂದೂವರೆಗೆ ಇಳಿಯಿತು, ನಡುವಿನ ದಾರಿ ಹನ್ನೆರಡು ನೂರು ಮೈಲಂತೆ. ಕರೀಮಸಾಬರು ಆ ಕಾಗದವನ್ನು ಗಾಜಿನ ಕಪಾಟಿನಲ್ಲಿ ಬಿಡಿಭಾಗಗಳ ಡಬ್ಬಿಯ ಪಕ್ಕ ಇಟ್ಟುಕೊಂಡಿದ್ದರು. ಬಂದವರಿಗೆಲ್ಲ ತೋರಿಸುತ್ತಿದ್ದರು. ವಿಮಾನ ಎಂಬುದನ್ನು ಅವರು ಕಂಡದ್ದು ತಲೆಯ ಮೇಲೆ ಹಾಯುವಾಗ ಮಾತ್ರ. ಆದರೂ ಅದರ ಟೈಮು ತಮ್ಮ ಕಪಾಟಿನಲ್ಲಿದೆ ಎಂಬ ಠೀವಿ ಬಂದಿತ್ತು.

ಎಂಬತ್ತೊಂದನೆಯ ಇಸವಿಯ ಚಳಿಗಾಲದಲ್ಲಿ ಎರಡನೆಯ ಕಾಗದ ಬಂತು. ಹುಡುಗನಿಗೆ ರಜೆ ಸಿಕ್ಕಿತ್ತು. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ದುಬೈ ಬಿಡುವುದು, ನಾಲ್ಕೂವರೆಗೆ ಬೊಂಬಾಯಿ ಮುಟ್ಟುವುದು, ಅಲ್ಲಿಂದ ಬಸ್ಸು. ಜನ್ನತಬಿ ಓದಿಸಿಕೊಂಡು ಕಣ್ಣೊರೆಸಿಕೊಂಡಳು. ಶಮಶಾದಬಿ ಒಳಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದಳು, ತೊಳೆದಿದ್ದನ್ನೇ ಎರಡು ಸಲ. ಕರೀಮಸಾಬರು ಮಾತ್ರ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, ಕಪಾಟಿನಿಂದ ಹಳೆಯದನ್ನೂ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟರು.

"ಏ ಇವಳ! ಹೋಗೂದಕ ಒಂದೂವರಿ ತಾಸು, ಬರೂದಕ ನಾಕೂವರಿ ತಾಸು! ದಾರಿ ಅದಽ, ಮೈಲು ಅವಽ. ಮೂರು ತಾಸು ಎಲ್ಲಿ ಹೋತು?"

"ನಿಮ್ಮ ಕಿಸೆದಾಗಿಂದೇನೂ ಹೋಗಿಲ್ಲಲ್ಲ, ಬಿಡ್ರಿ. ಹುಡುಗ ಬರತಾನಲ್ಲ, ಸಾಕು."

ಆದರೆ ಮೂವತ್ತು ವರ್ಷ ಅರ್ಧ ನಿಮಿಷವನ್ನು ಬೆನ್ನಟ್ಟಿ ಹಿಡಿದ ಮನುಷ್ಯ ಮೂರು ತಾಸನ್ನು ಬಿಟ್ಟುಕೊಟ್ಟಾನೆಯೇ? ಎರಡೂ ಕಾಗದ ಹಿಡಿದು ಎದುರಿನ ಸಕ್ರಪ್ಪನ ಕಿರಾಣಿ ಅಂಗಡಿಗೆ ನಡೆದರು. ಅಲ್ಲಿ ಶಾಲೆಯ ಪುಂಡಲೀಕಪ್ಪ ಮಾಸ್ತರರು ದಿನದಂತೆ ಪುಕ್ಕಟೆ ಪೇಪರು ಓದುತ್ತ ಕೂತಿದ್ದರು. ಮಾಸ್ತರರು ಕಾಗದ ನೋಡಿ ನಕ್ಕು, ಚೀಲದಿಂದ ಒಂದು ಉಳ್ಳಾಗಡ್ಡಿ ತೆಗೆದು, ತೂಗುತ್ತಿದ್ದ ಬಲ್ಬಿಗೆ ಹಿಡಿದರು.

"ನೋಡ್ರಿ ಸಾಬರ. ಇದು ಭೂಮಿ, ಅದು ಸೂರ್ಯ. ಬೆಟಗೇರಿ ಇಲ್ಲೈತಿ, ದುಬೈ ಈ ಕಡೆ ಐತಿ. ಹೊತ್ತು ನಮಗ ಮೊದ್ಲ ಹುಟ್ಟತೈತಿ, ಅವರಿಗೆ ಆಮ್ಯಾಲ. ಅದಕ್ಕ ಅವರ ಗಡಿಯಾರ ನಮಗಿಂತ ಒಂದೂವರಿ ತಾಸು ಹಿಂದ ಇರತಾವ. ಹೋಗಾಕೂ ಮೂರು ತಾಸಽ, ಬರಾಕೂ ಮೂರು ತಾಸಽ. ಆತಿಲ್ಲೋ?"

ಇಷ್ಟು ಸ್ಪಷ್ಟವಾಗಿ ಹೇಳಿದರೆ ಎಂಥವರಿಗೂ ತಿಳಿಯಬೇಕು. ಕರೀಮಸಾಬರಿಗೆ ತಿಳಿಯಲಿಲ್ಲ, ಯಾಕೆಂದರೆ ಅವರು ತಿಳಿದವರು.

"ಮಾಸ್ತರ, ನಾ ಸ್ವಿಸ್ ಬಿಚ್ಚೀನಿ, ಜಪಾನ ಬಿಚ್ಚೀನಿ. ಊರು ನೋಡಿ ಹಿಂದ ಸರಿಯೂ ಗಾಲಿ ಯಾವ ವಾಚಿನ್ಯಾಗೂ ಕಂಡಿಲ್ಲ. ಗಡಿಯಾರ ಹಿಂದೈತಿ ಅಂದ್ರ ಅದು ಕೆಟ್ಟೈತಿ, ಅಷ್ಟಽ. ಇಡೀ ದುಬೈ ಗಡಿಯಾರ ಕೆಟ್ಟು ಕುಂತಾವಂದ್ರ ಅಲ್ಲಿ ರಿಪೇರಿಯವ್ರು ಸತ್ತಾರೇನು?"

"ಅಲ್ಲ್ರೀ, ದೇಶ ಬ್ಯಾರೆ..."

"ದೇಶ ಬ್ಯಾರೆ ಆದ್ರ ತಾಸಿಗೆ ಅರವತ್ತು ನಿಮಿಷ ಇರೂದಿಲ್ಲೇನ್ರಿ?"

"ಮಾಸ್ತರ, ಆ ಉಳ್ಳಾಗಡ್ಡಿ ಇಡ್ರಿ," ಎಂದ ಸಕ್ರಪ್ಪ. "ಹಿಚುಕಬ್ಯಾಡ್ರಿ, ಮಾರೂದೈತಿ. ಇದರಾಗ ತಿಳೀದಿರೂದೇನೈತಿ? ಸಂತಿ ದಿನ ನಮ್ಮ ಮುಂಡರಗಿ ಬಸ್ಸು ನೋಡ್ರಿ. ಹೋಗುವಾಗ ಖಾಲಿ, ಒಂದು ತಾಸು. ಬರುವಾಗ ಮೆಣಸಿನಕಾಯಿ ಚೀಲ, ಕೋಳಿ, ಕುರಿ, ಎರಡೂವರಿ ತಾಸು."

ಕರೀಮಸಾಬರು ತೊಡೆ ತಟ್ಟಿಕೊಂಡು ಎದ್ದು ನಿಂತರು.

"ಭಾರ! ಸಕ್ರಪ್ಪ, ಬರೋಬ್ಬರಿ ಹೇಳಿದಿ! ಹೋಗುವಾಗ ನಮ್ಮ ಹುಡುಗರು ಏನು ಒಯ್ತಾರ? ಎರಡು ಅಂಗಿ, ಒಂದು ಡಬ್ಬಿ ಉಪ್ಪಿನಕಾಯಿ. ಬರುವಾಗ? ಟೇಪರಿಕಾರ್ಡು, ರಗ್ಗು, ಥರ್ಮಾಸು, ಇಸ್ತ್ರಿ ಪೆಟಗಿ! ವಿಮಾನ ಬಡವ ಏನು ಮಾಡೀತು? ಏಳಲಾರದ ಏಳತೈತಿ, ತೆವಳಿಕೋತ ಬರತೈತಿ!"

ಮಾಸ್ತರರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಅಂಗಡಿಯಲ್ಲಿದ್ದ ಉಳಿದವರೆಲ್ಲ, ಆಹಾ, ಇದಪ್ಪ ಮಾತು ಎಂದರು. ಒಂದು ಕಡೆ ಉಳ್ಳಾಗಡ್ಡಿ, ಇನ್ನೊಂದು ಕಡೆ ಮುಂಡರಗಿ ಬಸ್ಸು. ಬಸ್ಸಿನಲ್ಲಿ ಎಲ್ಲರೂ ಕೂತಿದ್ದವರು, ಭೂಮಿಯನ್ನು ಯಾರೂ ಹೊರಗಿನಿಂದ ನೋಡಿರಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕರೀಮಸಾಬರು ಮದುವೆಯ ಕಾರ್ಡನ್ನು ಆಗಲೇ ಅಚ್ಚು ಹಾಕಿಸಿಬಿಟ್ಟಿದ್ದರು: ರವಿವಾರ ಮುಂಜಾನೆ, 'ಹನ್ನೊಂದು ಗಂಟೆ ಸೊನ್ನೆ ನಿಮಿಷಕ್ಕೆ ಸರಿಯಾಗಿ'. ಈಗ ಕೂತು ಲೆಕ್ಕ ಹಾಕಿದರು. ಬೊಂಬಾಯಿಯಿಂದ ಪಕ್ಕದ ಗದಗಿಗೆ ಸಂಜೆ ಆರಕ್ಕೊಂದು ಬಸ್ಸು, ಎಂಟಕ್ಕೊಂದು ಬಸ್ಸು, ಹದಿನಾರು ತಾಸಿನ ದಾರಿ. ವಿಮಾನ ನಾಲ್ಕೂವರೆಗೆ ಇಳಿದು, ಹುಡುಗ ಸುಂಕದ ಕಟ್ಟೆಯಲ್ಲಿ ಪೆಟ್ಟಿಗೆ ಬಿಚ್ಚಿ ತೋರಿಸಿ ಹೊರಬರುವಷ್ಟರಲ್ಲಿ ಆರರ ಬಸ್ಸು ತಪ್ಪುವುದೇ. ಎಂಟರ ಬಸ್ಸೆಂದರೆ ಗದಗಿಗೆ ಮಧ್ಯಾಹ್ನ ಹನ್ನೆರಡು. ವಿಮಾನವನ್ನು ಹೇಗಾದರೂ ಮೂರಕ್ಕೆ ಇಳಿಸಿದರೆ ಆರರ ಬಸ್ಸು, ಹತ್ತಕ್ಕೆ ಊರು, ಹನ್ನೊಂದಕ್ಕೆ ನಿಕಾಹ್.

ಲಕ್ಷ್ಮೇಶ್ವರದಿಂದ ಮೋತಿಬಿ, ಮಗ ಸಾವಕಾಶ ಬರಲಿ, ಸೋಮವಾರ ಮಾಡೋಣ ಎಂದು ಹೇಳಿ ಕಳಿಸಿದಳು. ಹನ್ನೊಂದು ಗಡಿಯಾರದ ಒಡೆಯ ಮಗಳ ಮದುವೆಯ ಹೊತ್ತನ್ನು ಮುಂದೆ ಹಾಕುವುದೆ? ಊರು ನಗುವುದಿಲ್ಲವೆ? "ವಿಮಾನ ಮೂರಕ್ಕ ಇಳಸೂದು ನನ್ನ ಮ್ಯಾಲ ಬಿಡ್ರಿ," ಎಂದು ಕರೀಮಸಾಬರು ತಿರುಗಿ ಹೇಳಿ ಕಳಿಸಿದರು.

ಮರುದಿನವೇ ಗದಗಿನ ತಾರಿನ ಕಚೇರಿಗೆ ಹೋಗಿ ತಾರು ಬರೆಸಿದರು: 'ಎಲ್ಲ ಸಾಮಾನು ಅಲ್ಲೇ ಬಿಡು. ಹಗುರಾಗಿ ಬಾ. ಕೈಯ ವಾಚು ಮುಟ್ಟಬೇಡ. ನಾನೇ ನೋಡುವೆ. ಕರೀಮ.' ವಾಚಿನ ಮಾತು ಸೇರಿಸಿದ್ದಕ್ಕೂ ಕಾರಣವಿತ್ತು. ದಾರಿಯಲ್ಲಿ ಯಾರ ಯಾರದೋ ಗಡಿಯಾರ ನೋಡಿ ಹುಡುಗ ಮುಳ್ಳು ತಿರುಗಿಸಿಬಿಟ್ಟರೆ ವಿಮಾನ ಎಷ್ಟು ತಾಸಿಗೆ ಬಂತೆಂಬುದಕ್ಕೆ ಸಾಕ್ಷಿ ಎಲ್ಲಿ? ತಾರಿನ ಗುಮಾಸ್ತ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತ ತಿರುಗಿಸುತ್ತ ಪೆನ್ನು ನಿಲ್ಲಿಸಿದ. ಕರೀಮಸಾಬರ ಮುಖ ನೋಡಿದ. ದುಬೈ, ಸಾಮಾನು, ವಾಚು, ಮುಟ್ಟಬೇಡ. ಆ ಕಾಲಕ್ಕೆ ದುಬೈಯಿಂದ ಬಂಗಾರ ಹೇಗೆ ಹೇಗೆ ಬರುತ್ತದೆಂದು ಪೇಪರಿನಲ್ಲಿ ವಾರಕ್ಕೊಂದು ಸುದ್ದಿ ಇರುತ್ತಿತ್ತು.

ಅಂದು ಸಂಜೆಗೇ ಒಬ್ಬ ಹವಾಲ್ದಾರ ಅಂಗಡಿಯ ಮುಂದೆ ಸೈಕಲ್ಲು ನಿಲ್ಲಿಸಿದ. ಓಣಿಯ ಮಗ್ಗಗಳು ಒಂದೊಂದಾಗಿ ಸುಮ್ಮನಾದವು.

"ಸಾಬರ, ವಾಚಿನ್ಯಾಗ ಏನೈತಿ?"

"ಟೈಮು."

"ಶಾಣ್ಯಾತನ ಬ್ಯಾಡ. ಹಗುರಾಗಿ ಬಾ ಅಂದ್ರ ಏನರ್ಥ? ಯಾವುದರ ಭಾರ?"

ಕರೀಮಸಾಬರಿಗೆ ಇಷ್ಟು ಶ್ರದ್ಧೆಯಿಂದ ಕೇಳಿದವರು ಇನ್ನೊಬ್ಬರಿರಲಿಲ್ಲ. ಹವಾಲ್ದಾರನನ್ನು ಕೂಡಿಸಿ, ಎರಡೂ ಕಾಗದ ಬಿಡಿಸಿ, ಮುಂಡರಗಿ ಬಸ್ಸಿನಿಂದ ಹಿಡಿದು ವಿಮಾನದವರೆಗೆ ಮುಕ್ಕಾಲು ತಾಸು ವಿವರಿಸಿದರು. ಹವಾಲ್ದಾರ ಮೊದಲು ಟೊಪ್ಪಿಗೆ ತೆಗೆದ, ಆಮೇಲೆ ಬೆವರು ಒರೆಸಿಕೊಂಡ, ಕೊನೆಗೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

"ಅಂದ್ರ... ನಮ್ಮ ಅಳಿಯಾ ಕುವೈತದಾಗ ಅದಾನ್ರೀ. ನನಗ ಒಂದು ಟ್ರಾನ್ಸಿಸ್ಟರ ತಾ ಅಂತ ಬರದೀನಿ. ಅದಕ್ಕ ಎಷ್ಟು ನಿಮಿಷ ಹಿಡೀತೈತಿ?"

ಈ ಪ್ರಶ್ನೆ ಕೇಳಿದ್ದೇ ತಪ್ಪಾಯಿತು. ಕರೀಮಸಾಬರು ಅವತ್ತೇ ಸಕ್ರಪ್ಪನ ತಕ್ಕಡಿ ತಂದು, ಓಣಿಯಲ್ಲಿ ಯಾರ ಯಾರ ಮನೆಯಲ್ಲಿ ಏನೇನು ಫಾರಿನ್ ಸಾಮಾನಿದೆಯೋ ತರಿಸಿ ತೂಗಿ, ಒಂದು ಪಟ್ಟಿ ಮಾಡಿ ಅಂಗಡಿಯ ಬಾಗಿಲಿಗೆ ಅಂಟಿಸಿದರು. ಟೇಪರಿಕಾರ್ಡು ಇಪ್ಪತ್ತು ನಿಮಿಷ. ಹುಲಿ ಚಿತ್ರದ ರಗ್ಗು ಹನ್ನೆರಡು ನಿಮಿಷ, ಬರೀ ರಗ್ಗು ಹನ್ನೊಂದು. ಟ್ರಾನ್ಸಿಸ್ಟರ್ ಆರು, ಸೆಲ್ಲು ತೆಗೆದರೆ ಐದು. ಅತ್ತರಿನ ಶೀಷೆ ಅರ್ಧ ನಿಮಿಷ. ಹುಲಿ ಯಾಕೆ ಒಂದು ನಿಮಿಷ ಹೆಚ್ಚು ಎಂದು ಪುಂಡಲೀಕಪ್ಪ ಮಾಸ್ತರರು ಕೇಳಿದರು. ಬಣ್ಣಕ್ಕೆ ಭಾರವಿಲ್ಲವೇ ಎಂದು ಕರೀಮಸಾಬರು ತಿರುಗಿ ಕೇಳಿದರು.

"ಇರಲಿ ಸಾಬರ. ವಿಮಾನದಾಗ ನಿಮ್ಮ ಅಳಿಯಾ ಒಬ್ಬನಽ ಇರತಾನೇನು? ಅವನೊಬ್ಬ ಸಾಮಾನು ಬಿಟ್ರ ಏನಾತು?"

ಈ ಮಾತು ಮಾತ್ರ ಕರೀಮಸಾಬರಿಗೆ ನಾಟಿತು. ಹೌದಲ್ಲ! ಅದೇ ವಿಮಾನಕ್ಕೆ ಬರುವ ಇನ್ನೂ ಇಬ್ಬರು ಮೂವರನ್ನು ಹಿಡಿಯಬೇಕು. ಮುಂಡರಗಿಯ ಮಂಡಕ್ಕಿ ಭಟ್ಟಿಯ ಮಲಂಗಸಾಬರ ಮಗ ಅದೇ ದಿನ ಬರುವವನೆಂದು ಗೊತ್ತಾಗಿ ಬಸ್ಸು ಹತ್ತಿ ಹೋದರು. ಮಲಂಗಸಾಬರು ಹುರಿಯುವ ಸೌಟು ಕೈಯಲ್ಲಿ ಹಿಡಿದೇ ಎಲ್ಲ ಕೇಳಿಸಿಕೊಂಡರು.

"ನಮ್ಮ ಹುಡುಗ ಅವರವ್ವಗ ಹೊಲಿಗಿ ಮಿಷನ್ನು ತರಾವ ಅದಾನ. ಅದು ಎಷ್ಟಾತು?"

"ನಲವತ್ತು ನಿಮಿಷ! ಯಪ್ಪಾ, ಆ ಒಂದು ಮಿಷನ್ನಿಗೆ ಸಮುದ್ರದ ಮ್ಯಾಲ ವಿಮಾನ ನಿಂತಽ ಬಿಡತೈತಿ!"

ಪಾಪ, ಮಲಂಗಸಾಬರಿಗೆ ಮಗನ ಜೀವ ದೊಡ್ಡದು. ಹೊಲಿಗೆ ಮಿಷನ್ನು ಬೇಡವೆಂದು ಅವತ್ತೇ ಕಾಗದ ಬರೆಸಿದರು. ಅದನ್ನು ಕೇಳಿ ಅವರ ಹೆಂಡತಿ ಎರಡು ದಿನ ಒಲೆ ಹಚ್ಚಲಿಲ್ಲ. ಮುಂಡರಗಿಯ ಸುದ್ದಿ ಶಿರಹಟ್ಟಿಗೆ ಹೋಯಿತು. ಅಲ್ಲಿ ತಿಪ್ಪವ್ವ ಎಂಬಾಕೆಯ ತಮ್ಮ ಮಸ್ಕತ್ತಿನಲ್ಲಿ ಡ್ರೈವರು. ರಗ್ಗು ತರಬೇಡವೆಂದು ಅವನ ಹೆಂಡತಿ ಅವನಿಗೆ ಬರೆದದ್ದು ಗೊತ್ತಾಗಿ, ಹುಲಿ ರಗ್ಗಿನ ಆಸೆಯಲ್ಲಿ ಎರಡು ಚಳಿಗಾಲ ಕಳೆದಿದ್ದ ತಿಪ್ಪವ್ವ ನೇರ ಬೆಟಗೇರಿಗೇ ಬಂದಳು.

"ಯಾವ ಭಾಡ್ಯಾ ಅಂವ, ನನ್ನ ರಗ್ಗಿಗೆ ಹನ್ನೆರಡು ನಿಮಿಷ ಬರದಾಂವ? ಹೊರಗ ಬಾ! ನನ್ನ ತಮ್ಮ ಹನ್ನೆರಡು ನಿಮಿಷ ತಡಾ ಮಾಡಿ ಬರಲಿ, ನಾ ಕಾಯತೀನಿ! ನಿನಗೇನ ತ್ರಾಸು?"

ಕರೀಮಸಾಬರು ಮೇಜಿನ ಕೆಳಗೆ ಬಿದ್ದ ಸ್ಪ್ರಿಂಗನ್ನು ಅರ್ಧ ತಾಸು ಹುಡುಕಿದರು. ಯಾವ ಸ್ಪ್ರಿಂಗೂ ಬಿದ್ದಿರಲಿಲ್ಲ.

ಶನಿವಾರ ಸಂಜೆ ಮೋತಿಬಿ ಲಕ್ಷ್ಮೇಶ್ವರದಿಂದ ಇಪ್ಪತ್ತೈದು ಮಂದಿಯನ್ನು ಕಟ್ಟಿಕೊಂಡು ಬಂದಿಳಿದಳು. ಎತ್ತರದ ಹೆಂಗಸು, ಧ್ವನಿ ಅದಕ್ಕಿಂತ ಎತ್ತರ. ನಡುವಿಗೆ ಸಿಕ್ಕಿಸಿದ್ದ ಮಗನ ಕಾಗದ ತೆಗೆದು ಕರೀಮಸಾಬರ ಮುಂದೆ ಹಿಡಿದಳು.

"ಏನ್ರೀ ಬೀಗರ, ಇದೇನು? ಟೇಪರಿಕಾರ್ಡು, ರಗ್ಗು, ಥರ್ಮಾಸು, ನನ್ನ ಮಂಡಿಗೆ ಹಚ್ಚೂ ಮುಲಾಮು ಸೈತ ರೂಮಿನ್ಯಾಗ ಬಿಟ್ಟು ಬರತೀನಿ, ಮಾಮಾ ಹೇಳ್ಯಾರ ಅಂತ ಬರದಾನ ನನ್ನ ಮಗಾ! ಎರಡು ವರ್ಷ ದುಡದಾಂವ ಬರೀಗೈಲೆ ಬರಬೇಕಾ?"

"ಮುಲಾಮಿಗೆ ಒಂದಽ ನಿಮಿಷ ಇತ್ತರಿ," ಎಂದರು ಕರೀಮಸಾಬರು ಮೆತ್ತಗೆ. "ಅದನ್ನ ತರಬಹುದಿತ್ತು."

"ಸುಮ್ಮನಿರ್ರಿ! ನಿಮ್ಮ ಮಾತಿನ ಮ್ಯಾಲ ನನ್ನ ಮಗಾ ಎಲ್ಲಾ ಬಿಟ್ಟಾನ. ಆತು, ಬಿಟ್ಟದ್ದು ಬಿಟ್ಟ. ಆದ್ರ ನಾಳಿ ಹನ್ನೊಂದಕ್ಕ ಅಂವ ಈ ಚಪ್ಪರದಾಗ ಕುಂತಿರಬೇಕು. ಹನ್ನೊಂದರ ಮ್ಯಾಲ ಒಂದು ನಿಮಿಷ ಆತೋ, ಸಾಮಾನೂ ಹೋತು, ಹೊತ್ತೂ ಹೋತು. ಇಂಥಾ ತಲೀಹರಟೆ ಮನಿಗೆ ನನ್ನ ಮಗನ್ನ ಕೊಡೂದಿಲ್ಲ. ಅದಽ ಬಸ್ಸಿಗೆ ಹೊಳ್ಳಿ ಹೊಕ್ಕೀನಿ. ಇದು ಮೋತಿಬಿ ಮಾತು!"

ಜನ್ನತಬಿ ಗಂಡನ ಕಡೆ ನೋಡಿದಳು. ಬೀಗರಿಗೆ ನೀರು ತರಲು ಒಳಗೆ ಹೋದಳು. ಒಳಗಡೆ ಶಮಶಾದಬಿ ಮದರಂಗಿಯ ಕೈಯನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಾಚೆಯ ಅಂಗಡಿ ಗೋಡೆಯ ಖಾಲಿ ಮೊಳೆಯನ್ನೇ ನೋಡುತ್ತಿದ್ದಳು. ಅದು ಕರೀಮಸಾಬರ ಕಣ್ಣಿಗೆ ಬಿತ್ತು. ಇನ್ನೊಂದು ಸಂಬಂಧವೂ ನನ್ನಿಂದಲೇ ಮುರಿದರೆ ಈ ಹುಡುಗಿಗೆ ಯಾವ ಮುಖ ತೋರಿಸಲಿ?

ರವಿವಾರ ಬೆಳಗಾಯಿತು. ಅಂಗಡಿಯ ಎದುರಿಗೇ ಚಪ್ಪರ. ಚಪ್ಪರದಲ್ಲಿ ಎಲ್ಲಿ ಕೂತರೂ ಗೋಡೆಯ ಹನ್ನೊಂದೂ ಗಡಿಯಾರ ಕಾಣಲಿ ಎಂದು ಕರೀಮಸಾಬರೇ ಮುತುವರ್ಜಿಯಿಂದ ಹಾಕಿಸಿದ್ದರು. ಈಗ ಅದನ್ನು ನೆನೆದು ತಲೆ ಚಚ್ಚಿಕೊಳ್ಳಬೇಕೆನಿಸಿತು. ಹತ್ತಾಯಿತು, ಹುಡುಗನಿಲ್ಲ. ಹತ್ತೂವರೆಗೆ ಕಾಜಿಯವರು ಬಂದು, ರಿಜಿಸ್ಟರು ತೆರೆದು, ಕಾರ್ಡು ನೋಡಿ ನಿಕಾಹಿನ ಸಮಯ ಹನ್ನೊಂದು ಎಂದು ಮಸಿಯಲ್ಲಿ ಬರೆದೂ ಬಿಟ್ಟರು. ಹನ್ನೊಂದು ಗಡಿಯಾರಗಳು ಒಂದೇ ಸಲ ಹನ್ನೊಂದು ಹೊಡೆದವು. ಮೋತಿಬಿ ಎದ್ದು ನಿಂತಳು. ಜನ್ನತಬಿ ಅವಳ ಕೈಗೆ ಶರಬತ್ತು ಕೊಟ್ಟು, ಬರುವ ದಾರಿ ದೂರ, ಮಗನ ಮುಖ ನೋಡಿಯಾದರೂ ಹೋಗ್ರಿ ಎಂದು ಕೂಡಿಸಿದಳು. ಹನ್ನೆರಡೂ ಹೊಡೆಯಿತು. ನೂರ ಮೂವತ್ತೆರಡು ಏಟುಗಳು ಒಂದರ ಮೇಲೊಂದು ಕರೀಮಸಾಬರ ತಲೆಗೇ ಬಿದ್ದವು. ಕಾಜಿಯವರು, "ಬರದದ್ದನ್ನ ಅಳಸಾಕ ಬರೂದಿಲ್ಲ," ಎಂದು ಒಂದೇ ಸಮನೆ ಹೇಳುತ್ತಿದ್ದರು.

ಹನ್ನೆರಡೂ ಕಾಲಿಗೆ ಟಾಂಗಾ ಬಂತು. ನಿಜಾಮುದ್ದೀನ ಇಳಿದ. ಕೈಯಲ್ಲಿ ಒಂದು ಬಟ್ಟೆಯ ಚೀಲ, ಮುಖದ ತುಂಬ ದಾರಿಯ ಧೂಳು.

ಮೋತಿಬಿ ಮಗನನ್ನು ಒಮ್ಮೆ ಅಪ್ಪಿಕೊಂಡು ಅತ್ತಳು, ಕಣ್ಣೊರೆಸಿಕೊಂಡಳು, ಆಮೇಲೆ ಗೋಡೆಯ ಕಡೆ ಕೈ ಮಾಡಿದಳು.

"ಹನ್ನೆರಡೂಕಾಲು. ಬರ್ರಿ ಎಲ್ಲಾರೂ. ನಡೀಲೇ ನಿಜಾಮ."

ಲಕ್ಷ್ಮೇಶ್ವರದ ಇಪ್ಪತ್ತೈದು ಮಂದಿ ಚಪ್ಪಲಿ ಹುಡುಕತೊಡಗಿದರು. ಒಳಗಿನಿಂದ ಬಳೆಯ ಸದ್ದು ಬಂದು ನಿಂತಿತು. ಕರೀಮಸಾಬರಿಗೆ ಏನು ಮಾಡಬೇಕೆಂದು ತಿಳಿಯದೆ, ಮೂವತ್ತು ವರ್ಷ ಏನು ಮಾಡಿದ್ದರೋ ಅದನ್ನೇ ಮಾಡಿದರು. ಎದುರಿಗೆ ನಿಂತವನ ಮಣಿಕಟ್ಟು ಹಿಡಿದು ವಾಚು ನೋಡಿದರು. ನೋಡಿ, ಹಾಗೇ ನಿಂತರು.

"ಹುಡುಗಾ, ಇದನ್ನ ಮುಟ್ಟೀಯೇನು?"

"ಇಲ್ಲ ಮಾಮಾ. ನೀವು ತಾರು ಕೊಟ್ಟಿದ್ರಿ. ಅಲ್ಲಿ ಬಿಡುವಾಗ ಹನ್ನೆರಡು ಇತ್ತು, ಬೊಂಬಾಯಿದಾಗ ಇಳಿದಾಗ ಇದರಾಗ ಮೂರು ಇತ್ತು. ಆದ್ರ ಅಲ್ಲಿ ಟೈಮು..."

"ಮೂರು!" ಕರೀಮಸಾಬರು ಕೂಗಿದ್ದಕ್ಕೆ ಟಾಂಗಾದ ಕುದುರೆ ಹಿಂದೆ ಸರಿಯಿತು. "ಕೇಳಿದ್ರೇನು? ನಾಕೂವರಿ ತಾಸಿನ ದಾರಿ ಮೂರು ತಾಸಿಗೆ ಬಂದೈತಿ! ಸಾಮಾನು ಬಿಟ್ಟದ್ದು ಖರೇನಽ ಉಪಯೋಗ ಆಗೇತಿ! ಈಗ ಎಷ್ಟೈತಿ ನೋಡ್ರಿ ಬೀಗರ. ಹತ್ತೂ ನಲವತ್ತೈದು. ಇನ್ನೂ ಹದಿನೈದು ನಿಮಿಷ ಐತಿ!"

ಚಪ್ಪಲಿ ಹುಡುಕುತ್ತಿದ್ದವರು ನಿಂತರು. ಮೋತಿಬಿ ಮಗನ ವಾಚು ನೋಡಿದಳು, ಗೋಡೆ ನೋಡಿದಳು, ಕರೀಮಸಾಬರನ್ನು ನೋಡಿದಳು.

"ಈ ವಾಚು ಕೆಟ್ಟಿರಬೇಕು."

"ಮಾಮಾ, ಅಲ್ಲಿ ಟೈಮು ನಮ್ಮಕಿಂತ..."

"ನೀ ಸುಮ್ಮನಿರಲೇ," ಎಂದಳು ತಾಯಿ. "ಬೀಗರ, ಮುಳಗುಂದದವರ ಗಡಿಯಾರ ಬಿಚ್ಚಿ ಮಾರಿ ಮುಂದ ಖರೆ ಹೇಳಿದವ್ರು ನೀವಂತ. ಊರೆಲ್ಲಾ ಖಬರ ಐತಿ. ಮಗಳ ಸಂಬಂಧ ಹೋದ್ರೂ ಸುಳ್ಳು ಹೇಳಲಿಲ್ಲಂತ. ಬಿಚ್ಚರಿ ಇದನ್ನ. ಕೆಟ್ಟೈತೋ ಇಲ್ಲೋ, ನೀವಽ ಹೇಳ್ರಿ. ನೀವು ಹೇಳಿದ್ದು ನನಗ ಕಬೂಲು."

ಜನ್ನತಬಿ ಎರಡೂ ಕೈ ಬಾಯಿಗೆ ಒತ್ತಿಕೊಂಡಳು. ಬೀಗರ ಗಡಿಯಾರ ಮುಟ್ಟಬಾರದೆಂದು ಆಕೆ ಹಾಕಿದ ಆಣೆ ಎಲ್ಲರ ಕಣ್ಣೆದುರಿಗೇ ಮುರಿಯುವುದರಲ್ಲಿತ್ತು. ಕರೀಮಸಾಬರು ಮೇಜಿಗೆ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ವಾಚಿನ ಬೆನ್ನು ತೆರೆದರು. ಯಾ ಅಲ್ಲಾ, ಒಂದು ಕಣ ಧೂಳೂ ಸಿಗದಿರಲಿ ಎಂದು ಅವರು ಬದುಕಿನಲ್ಲಿ ಮೊದಲ ಸಲ ಬೇಡಿಕೊಂಡರು. ಗಾಲಿ ನೋಡಿದರು. ಸ್ಪ್ರಿಂಗು ನೋಡಿದರು. ಕಿವಿಗೆ ಹಿಡಿದು ಟಿಕ್ಕು ಎಣಿಸಿದರು. ಹೊಸಾ ವಾಚು, ಒಳಗೆ ಕನ್ನಡಿಯ ಹಾಗೆ ಚೊಕ್ಕ. ಒಂದೂವರೆ ತಾಸು ಹಿಂದೆ ಬೀಳುವಂಥ ರೋಗ ಅದಕ್ಕೆ ಯಾವ ಮೂಲೆಯಲ್ಲೂ ಇರಲಿಲ್ಲ. ಅವರಿಗೇ ತಲೆ ಗಿರ್ ಅಂದಿತು.

"ಇದರಾಗ ಯಾವ ದೋಷಾನೂ ಇಲ್ಲರಿ," ಎಂದರು. ನಾಲಗೆ ತಡವರಿಸಲಿಲ್ಲ, ಯಾಕೆಂದರೆ ಅದು ಖರೆ ಮಾತು.

"ಹಂಗಾರ," ಎಂದಳು ಮೋತಿಬಿ ಗೋಡೆಯ ಕಡೆ ಬೆರಳು ತೋರಿಸಿ, "ಅವು ಹನ್ನೊಂದೂ ತಪ್ಪಾ?"

ಪುಂಡಲೀಕಪ್ಪ ಮಾಸ್ತರರು ಎದ್ದು ನಿಂತು ಬಾಯಿ ತೆರೆದರು. ಉಳ್ಳಾಗಡ್ಡಿ ಹುಡುಕುವಂತೆ ಸುತ್ತ ನೋಡಿದರು. ಬಾಗಿಲ ಸಂದಿಯಲ್ಲಿ ಮದುಮಗಳ ಒಂದು ಕಣ್ಣು ಕಂಡಿತು. ಮಾಸ್ತರರು ಬಾಯಿ ಮುಚ್ಚಿ ಕೂತರು.

ಕರೀಮಸಾಬರು ಸ್ಟೂಲು ಹಾಕಿಕೊಂಡು ಗೋಡೆಯ ಹತ್ತಿರ ಹೋದರು. ಹೊಡೆಯುವ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಬಾರದು, ತಿರುಗಿಸಿದರೆ ಹೊಡೆತದ ಲೆಕ್ಕ ಕೆಡುತ್ತದೆ. ಇದನ್ನು ಮೂವತ್ತು ವರ್ಷದಿಂದ ಅವರು ಗಿರಾಕಿಗಳಿಗೆ ಕೂಗಿ ಕೂಗಿ ಹೇಳಿದ್ದರು, ಒಬ್ಬಿಬ್ಬರನ್ನು ಅಂಗಡಿಯಿಂದ ಇಳಿಸಿಯೂ ಇದ್ದರು. ಮೊದಲನೆಯ ಗಡಿಯಾರದ ಗಾಜು ತೆರೆದರು. ಆಮೇಲೆ ಕಣ್ಣು ಮುಚ್ಚಿ ಹಿಂದಕ್ಕೆ ತಿರುಗಿಸಿದರು. ಒಂದಾದ ಮೇಲೊಂದು, ಹನ್ನೊಂದನ್ನೂ ಹತ್ತೂ ನಲವತ್ತೈದಕ್ಕೆ ತಂದು ನಿಲ್ಲಿಸಿದರು.

"ತಪ್ಪು ಇವಽ ಇದ್ವರಿ," ಎಂದರು ಸ್ಟೂಲಿನ ಮೇಲಿಂದಲೇ. "ಮೂವತ್ತು ವರ್ಷ ನನಗಽ ತಿಳೀಲಿಲ್ಲ."

ಸಕ್ರಪ್ಪ ತನ್ನ ಕೈಗಡಿಯಾರವನ್ನು ಗುಟ್ಟಾಗಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ಮೋತಿಬಿ ಮಾತ್ರ ಇನ್ನೂ ನಿಂತೇ ಇದ್ದಳು. ಪೂರಾ ನಂಬಿಕೆ ಬಂದಿರಲಿಲ್ಲ.

"ಹನ್ನೊಂದು ಹೊಡೀಲಿ, ಆಮ್ಯಾಲ ಕುಂಡ್ರತೀನಿ."

ಕರೀಮಸಾಬರು ಗೋಡೆಯ ಕಡೆ ತಿರುಗಿದರು. ಹನ್ನೊಂದು ಎಲ್ಲಿ ಹೊಡೆಯಬೇಕು? ಆ ಗಡಿಯಾರಗಳು ಮುಳ್ಳು ನೋಡಿ ಹೊಡೆಯುವಂಥವಲ್ಲ, ಸರದಿಯ ಪ್ರಕಾರ ಹೊಡೆಯುವಂಥವು. ಹನ್ನೆರಡು ಹೊಡೆದು ಮುಗಿಸಿದ್ದವಕ್ಕೆ ಮುಂದಿನ ಸರದಿ ಅರ್ಧ ಗಂಟೆಯದು, ಒಂದೇ ಒಂದು ಏಟು. ಆ ಹದಿನೈದು ನಿಮಿಷದಷ್ಟು ಉದ್ದದ ಕಾಲವನ್ನು ಅವರು ಯಾವ ಗಡಿಯಾರದಲ್ಲೂ ಕಂಡಿರಲಿಲ್ಲ. ಮದುಮಗನಿಗೆ ಅವಸರವಾಗಿ ಮುಖ ತೊಳೆಸಿ, ಶೇರವಾನಿ ತೊಡಿಸಿ ಕೂಡಿಸಿದರು. ಮುಳ್ಳು ಮೇಲೇರಿತು.

ಠಣ್, ಎಂದಿತು ಮೊದಲನೆಯ ಗಡಿಯಾರ. ಒಂದೇ ಏಟು. ಕರೀಮಸಾಬರು ಕಣ್ಣು ಮುಚ್ಚಿದರು.

ಠಣ್, ಎಂದಿತು ಎರಡನೆಯದು. ಕಣ್ಣು ಮುಚ್ಚಿ ಒಂದೊಂದಾಗಿ ತಿರುಗಿಸಿದ್ದಕ್ಕೆ ಹನ್ನೊಂದಕ್ಕೂ ಮೊದಲಿನ ಒಗ್ಗಟ್ಟು ತಪ್ಪಿಹೋಗಿತ್ತು. ಒಂದರ ಹಿಂದೆ ಒಂದು, ಎರಡೆರಡು ಕ್ಷಣ ಬಿಟ್ಟು, ಸರದಿಯಲ್ಲಿ ನಿಂತವರಂತೆ ಒಂದೊಂದೇ ಏಟು ಹೊಡೆಯತೊಡಗಿದವು. ಮೋತಿಬಿ ಬೆರಳು ಮಡಿಚಿ ಎಣಿಸುತ್ತಿದ್ದಳು.

"ಎಂಟು... ಒಂಬತ್ತು... ಹತ್ತು..."

ಹನ್ನೊಂದನೆಯ ಗಡಿಯಾರ ಸ್ವಲ್ಪ ತಡೆಯಿತು. ಕರೀಮಸಾಬರ ಜೀವವೂ ತಡೆಯಿತು. ಠಣ್!

"ಹನ್ನೊಂದು," ಎಂದಳು ಮೋತಿಬಿ. "ಬರೋಬ್ಬರಿ." ಕೂತಳು.

ಆಕೆಯ ಜೊತೆಗೆ ಲಕ್ಷ್ಮೇಶ್ವರದ ಇಪ್ಪತ್ತೈದು ಮಂದಿಯೂ ಕೂತರು. ಕಾಜಿಯವರು ರಿಜಿಸ್ಟರಿನ ಮಸಿಯ ಅಕ್ಷರ ನೋಡಿಕೊಂಡು ನಿರಾಳವಾಗಿ ಗಡ್ಡ ಸವರಿದರು. ನಿಜಾಮುದ್ದೀನ ಮಾತ್ರ ಪ್ರಾಮಾಣಿಕ ಹುಡುಗ. ಮಾವನ ಕಡೆ ವಾಲಿ ಪಿಸುಗುಟ್ಟಿದ:

"ಮಾಮಾ, ನಾ ಹೇಳಬೇಕಂತ ಮಾಡಿದ್ದೆ, ದುಬೈದಾಗ ಟೈಮು..."

ಜನ್ನತಬಿ ಒಂದು ಇಡೀ ಪೇಡೆಯನ್ನು ಅವನ ಬಾಯಿಗೆ ತುರುಕಿದಳು.

"ಯಪ್ಪಾ, ಈಗ ನೀ ಹೇಳೂದು ಒಂದಽ ಮಾತು ಐತಿ. ಅದನ್ನ ಕಾಜಿಯವರು ಕೇಳಿದಾಗ ಹೇಳು."

ಹುಡುಗ ಪೇಡೆ ನುಂಗಿ, ಕಾಜಿಯವರು ಕೇಳಿದಾಗ, ಆ ಒಂದು ಮಾತು ಹೇಳಿದ. ಆಗ ಗದಗ ಸ್ಟೇಷನ್ನಿನಲ್ಲಿ ಹನ್ನೆರಡೂವರೆ ಆಗಿತ್ತು. ದುಬೈಯಲ್ಲಿ ಹನ್ನೊಂದು. ಬೆಟಗೇರಿಯಲ್ಲೂ ಹನ್ನೊಂದು.